ಮಾಳಿಂಗನ ಜವಳದ ಕ್ಯಾಸೆಟ್

ಬಸವನ ಬಾಗೇವಾಡಿಯ ಹೈಸ್ಕೂಲೊಂದರಲ್ಲಿ ಪ್ರಯೋಗಾಲಯ ಸಹಾಯಕನಾಗಿದ್ದ ಅಮೋಘಸಿದ್ಧ, ಕೈಪಿಡಿಯನ್ನು ಎರಡು ಸಲ ಓದದೆ ಯಾವ ಯಂತ್ರವನ್ನೂ ಮುಟ್ಟುತ್ತಿರಲಿಲ್ಲ. ೨೦೦೯ರಲ್ಲಿ ವಿಜಾಪುರದಿಂದ ಸಣ್ಣ ಕ್ಯಾಸೆಟ್ಟಿನ ವಿಡಿಯೊ ಕ್ಯಾಮೆರಾ ಕೊಂಡು ತಂದಾಗಲೂ ಗುಂಡಿ ಒತ್ತಿದ್ದು ಮೂರನೆಯ ದಿನ.

ಕೊಂಡದ್ದು ತಂಗಿ ರೇಣುಕಾಳ ಮಗ ಮಾಳಿಂಗನ ಜವಳಕ್ಕೆ. ಮೂರು ವರ್ಷ ತುಂಬುವುದರೊಳಗೆ ಹುಡುಗನ ಮೊದಲ ಕೂದಲು ತೆಗೆಸಬೇಕಿತ್ತು. ಅವನ ಅಪ್ಪ ಅರುಣಕುಮಾರ ಸೈನ್ಯದಲ್ಲಿದ್ದ, ರಜೆ ಸಿಗಲಿಲ್ಲ.

"ಮಾಮಾ, ಊಟದ ಪಂಕ್ತಿ ಗಿಂಕ್ತಿ ಏನೂ ಬ್ಯಾಡ್ರಿ. ಮೊದಲನೇ ಕೂದಲ ಬೀಳೂದು ಒಂದು ತೋರಸ್ರಿ, ಸಾಕು," ಎಂದು ಅವನು ಫೋನಿನಲ್ಲಿ ಹೇಳಿದ್ದ.

ಎಲ್ಲಿ ನಿಲ್ಲಬೇಕು, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಯಾವುದನ್ನು ಹತ್ತಿರದಿಂದ ತೋರಿಸಬೇಕು ಎಂಬುದನ್ನೆಲ್ಲ ಅಮೋಘಸಿದ್ಧ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಹಿಂದಿನ ದಿನ ಮುಳವಾಡದ ಮನೆಯಲ್ಲಿ ಅವ್ವ ಹುಚ್ಚವ್ವನಿಗೆ ಅದನ್ನು ಓದಿ ಹೇಳಿದ. ಆಕೆ ಪೂರ್ತಿ ಕೇಳಿದಳು.

"ಎಲ್ಲಾ ಖರೆ. ಕೂಸಿನ್ನ ತೊಡಿ ಮ್ಯಾಲ ಕುಂದ್ರಿಸ್ಕೊಂಡು ಕತ್ತರಿ ಹಚ್ಚಾಂವ ಯಾಂವ? ಸೋದರಮಾವ ನೀನ ಅಲ್ಲೇನೋ, ಶಾಣ್ಯಾ?"

ಅದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಕ್ಯಾಮೆರಾ ಹಿಡಿಯಲು ಬೇರೆ ಕೈ ಬೇಕಾಯಿತು. ಅವನು ಮನೆಯವರಿಗೆಲ್ಲ ಒಂದೊಂದು ನಿಮಿಷ ಅದನ್ನು ಕೊಟ್ಟು ಎದುರಿನ ಬೇವಿನ ಮರವನ್ನು ಹಿಡಿಯಲು ಹೇಳಿದ. ರೇಣುಕಾ ನಕ್ಕಳು, ಪರದೆಯಲ್ಲಿ ಮರ ಕುಣಿಯಿತು. ಉಳಿದವರ ಕೈಯಲ್ಲಿ ಅದು ಆಕಾಶಕ್ಕೂ ನೆಲಕ್ಕೂ ಓಡಾಡಿತು. ಹುಚ್ಚವ್ವ ಹಿಡಿದಾಗ ಮಾತ್ರ ಮರ ಮರದಂತೆ ನಿಂತಿತು. ನಲವತ್ತು ವರ್ಷ ಬಡಿಗೆಗೆ ಆತು ನಿಂತು ಕುರಿ ಕಾಯ್ದವಳು ಆಕೆ.

"ಕೆಂಪ ದೀಪ ಬಂತಂದ್ರ ನಡದೈತಿ ಅಂತ ತಿಳಿ. ಆಮ್ಯಾಲ ಏನೂ ಮುಟ್ಟಬ್ಯಾಡವ್ವಾ. ಕೈ ಅಲ್ಲಾಡಬಾರ್ದು, ಅಷ್ಟ."

ಕ್ಯಾಮೆರಾದ ಪಟ್ಟಿ ಬಲಗೈಗೆಂದು ಮಾಡಿದ್ದು. ಹುಚ್ಚವ್ವ ಎಡಗೈಯನ್ನೇ ತೂರಿಸಿದಳು. ಚಿತ್ರ ಸ್ಥಿರವಾಗಿದ್ದುದರಿಂದ ಅಮೋಘಸಿದ್ಧ ಕಾರಣ ಕೇಳಲಿಲ್ಲ.

ಮರುದಿನ ಬೀರಪ್ಪನ ಗುಡಿಯ ಮುಂದೆ ಮಾಳಿಂಗ ಮಾವನ ತೊಡೆಯ ಮೇಲೆ ಅಳುತ್ತ ಕುಳಿತ. ಹುಚ್ಚವ್ವನ ಕೈಯ ಕ್ಯಾಮೆರಾದಲ್ಲಿ ಕೆಂಪು ದೀಪ ಹತ್ತಿತ್ತು. ಕತ್ತರಿ ಆಡಿತು, ಕೂದಲು ತಟ್ಟೆಗೆ ಬಿತ್ತು. ಅದೇ ಕ್ಷಣಕ್ಕೆ ಹುಚ್ಚವ್ವ ಉಡಿಯಿಂದ ಬಲಗೈ ತುಂಬ ಭಂಡಾರ, ಅಂದರೆ ದೇವರ ಅರಿಸಿನದ ಪುಡಿ, ತೆಗೆದು ಮೊಮ್ಮಗನ ಮೇಲೆ ಹಾರಿಸಿದಳು. ಗಾಳಿ ಎದುರಿನಿಂದ ಬೀಸುತ್ತಿತ್ತು. ಕ್ಯಾಮೆರಾ ಹಳದಿಯಾಗಿ, ಕುಂಯ್‌ಗುಟ್ಟಿ, ನಿಂತುಹೋಯಿತು. ಕ್ಯಾಸೆಟ್ಟಿನ ಬಾಗಿಲು ತೆರೆಯಲಿಲ್ಲ.

"ಏನ ಮಾಡ್ದೆವ್ವಾ!"

"ಭಂಡಾರ ಹಾರಸದ ಜವಳ ಅಕ್ಕೈತೇನು? ಅದಕ್ಕಂತನ ಬಲಗೈ ಖಾಲಿ ಇಟ್ಟಿದ್ದೆ. ನೀ ಹೇಳಿದ್ದು ಕೈ ಅಲ್ಲಾಡಬಾರ್ದು ಅಂತ. ಅಲ್ಲಾಡೈತೇನು, ನೋಡ ಬೇಕಾರ!"

ನೋಡಬೇಕೆಂದರೆ ಕ್ಯಾಸೆಟ್ ಹೊರಗೆ ಬರಬೇಕಿತ್ತು. ಒಳಗೆ ಟೇಪು ಸುತ್ತಿಕೊಂಡಿತ್ತು. ಜಗ್ಗಿದರೆ ಮಡಚಿ, ಅರುಣಕುಮಾರ ಕೇಳಿದ ಕ್ಷಣವೇ ಹೋಗುತ್ತಿತ್ತು. ಅಮೋಘಸಿದ್ಧ ಜಗ್ಗಲಿಲ್ಲ. ಬಾಗೇವಾಡಿಗೆ ಮರಳಿ, ಟಿವಿ ರಿಪೇರಿಯ ದಸ್ತಗೀರಸಾಬನ ಅಂಗಡಿಗೆ ಒಯ್ದ. ದಸ್ತಗೀರಸಾಬ ಸ್ಕ್ರೂ ಬಿಚ್ಚಿ, ಒಳಗೆ ನೋಡಿ, ಕನ್ನಡಕ ತೆಗೆದ.

"ಏನ್ರಿ ಸರ, ಕ್ಯಾಮೆರಾಕ್ಕ ಅರಿಷಿಣ ಹಚ್ಚೀರಿ? ಮದವಿ ಯಾರ ಜೋಡಿ?"

"ನಗಬ್ಯಾಡ್ರಿ ಸಾಬ್ರ, ಟೇಪ್ ಉಳಸ್ರಿ. ಬಾಯಿಲೆ ಊದಬ್ಯಾಡ್ರಿ, ಹಸಿ ಆದ್ರ ಅಂಟಕೊಳ್ತೈತಿ."

"ಕ್ಯಾಮೆರಾ?"

"ಅದು ಹ್ವಾದ್ರ ಹೋಗ್ಲಿ."

ದಸ್ತಗೀರಸಾಬ ಸಣ್ಣ ಬ್ರಷ್ಷಿನಿಂದ ಪುಡಿಯನ್ನು ಗುಡಿಸಿದ. ಆಮೇಲೆ ಸಾಸಿವೆಕಾಳಿನಷ್ಟಿದ್ದ ಹಲ್ಲಿನ ಚಕ್ರವೊಂದನ್ನು ಸ್ಕ್ರೂ ಡ್ರೈವರಿನ ತುದಿಯಿಂದ ಕೂದಲೆಳೆಯಷ್ಟಷ್ಟೇ ತಿರುಗಿಸಿದ. ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಟೇಪು ಮೆಲ್ಲಗೆ ತನ್ನ ಡಬ್ಬಿಗೆ ಹಿಂದಿರುಗಿತು.

ಸ್ಟುಡಿಯೊದಲ್ಲಿ ಅದನ್ನು ಸೀಡಿಗೆ ಇಳಿಸುವಾಗ, ಕೊನೆಯ ಹಳದಿ ಭಾಗವನ್ನು ಕತ್ತರಿಸಲೇ ಎಂದು ಕೇಳಿದರು. ಇದ್ದದ್ದು ಇದ್ದಂತೆ ಇರಲಿ ಎಂದ ಅಮೋಘಸಿದ್ಧ. ಪುಡಿ ಹಾರುವವರೆಗೂ ಚಿತ್ರ ಎಳ್ಳಷ್ಟೂ ಅಲ್ಲಾಡಿರಲಿಲ್ಲ.

ಸೀಡಿಯನ್ನು ಅಂಚೆಗೆ ಹಾಕಿದ ಹತ್ತನೆಯ ದಿನ ಅರುಣಕುಮಾರನ ಫೋನು ಬಂತು.

"ಕೂದಲ ಬೀಳೂದು ಛಲೋ ಕಾಣಸ್ತೈತ್ರಿ ಮಾಮಾ."

"ಕಡೀಕ ಹಳದಿ ಆಗೇತಲ್ಲ, ಅದು ಗಾಳಿ ಎದುರಿತ್ತು, ಅದಕ್ಕ..."

"ಅದನ್ನ ಮೂರು ಸಲ ಹಚ್ಚಿ ನೋಡೇನ್ರಿ. ನನ್ನ ಮ್ಯಾಲೂ ಭಂಡಾರ ಬಿತ್ತು."

ಅಮೋಘಸಿದ್ಧ ಗಾಳಿಯ ಮಾತನ್ನು ಅಲ್ಲಿಗೇ ಬಿಟ್ಟ. ಆ ಸಂಜೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಸೇರಿಸಿದ: ಮುಂದಿನ ಸಲವೂ ಕ್ಯಾಮೆರಾ ಅವ್ವನಿಗೆ, ಗಾಳಿ ಆಕೆಯ ಬೆನ್ನಿಗಿರಬೇಕು.