ರಾಯರ ಹಿತ್ತಾಳೆ ಬಿಲ್ಲೆ

ಬ್ಲಾಗ್ ಗೆಳೆಯರೇ, ಟ್ರಿಪ್ಲಿಕೇನ್‌ನಲ್ಲಿ ಕನ್ನಡದಲ್ಲಿ ಬೈಯುವ ಮುನ್ನ ಸುತ್ತ ನೋಡಿಕೊಳ್ಳಿ.

ಇವತ್ತು ಬೆಳಿಗ್ಗೆ ನಮ್ಮ ಬೀದಿಯ ರಾಯರ ಸೈಕಲ್ಲಿಗೆ ಕಾರೊಂದರ ಕನ್ನಡಿ ತಗುಲಿತು. ಹಿಂದೆ ಸ್ಕೂಟರಿನಲ್ಲಿ ನಾನಿದ್ದೆ. ಕಾರಿನವನು ಇಳಿದು, ಈ ತಮಿಳು ಊರಿನಲ್ಲಿ ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ ಕನ್ನಡದಲ್ಲೇ ಗೊಣಗಿದ: "ಟ್ಯಾಕ್ಸ್ ಕಟ್ಟಲ್ಲ, ಇನ್ಶೂರೆನ್ಸ್ ಇಲ್ಲ. ರಸ್ತೆ ಮಾತ್ರ ಇವರಪ್ಪಂದು!"

ಎಪ್ಪತ್ತು ದಾಟಿದ ರಾಯರು ನಿಧಾನವಾಗಿ ಸ್ಟ್ಯಾಂಡ್ ಹಾಕಿದರು. "ಕಟ್ಟಿದೀನಿ ತಂಬಿ, ಇಲ್ಲಿ ನೋಡು" ಎಂದು ಹ್ಯಾಂಡಲ್ ಕೆಳಗಿನ ಹಿತ್ತಾಳೆ ಬಿಲ್ಲೆ ತೋರಿಸಿದರು. ಸೈಕಲ್ಲಿಗೂ ತೆರಿಗೆ ಇದ್ದ ಕಾಲದಲ್ಲಿ, ಕಟ್ಟಿದವರಿಗೆ ಕೊಡುತ್ತಿದ್ದದ್ದು. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಂಕಿ ಸವೆದಿತ್ತು, ಹೊಳಪು ಮಾತ್ರ ದೇವರ ದೀಪದ್ದು. "ಆಮೇಲೆ ತೆರಿಗೆ ಕೇಳೋದನ್ನ ಸರ್ಕಾರದವರೇ ನಿಲ್ಲಿಸಿದರು. ಮತ್ತೆ ಕೇಳಿದರೆ ನಾಳೇನೇ ಕಟ್ತೀನಿ. ಇನ್ಶೂರೆನ್ಸಾ? ಇದೋ" ಎಂದು ಬೆಲ್ ಬಾರಿಸಿದರು. "ಐವತ್ತು ವರ್ಷದಲ್ಲಿ ಒಬ್ಬರಿಗೂ ತಾಗಿಸಿಲ್ಲ."

ಕಾರಿನವನು ಪೆಚ್ಚಾಗಿ "ಸಾರಿ ಸಾರ್" ಎಂದ. ಅಷ್ಟರಲ್ಲಿ ಟ್ರಾಫಿಕ್ ಪೊಲೀಸ್ ಬಂದು ಎಲ್ಲರ ಪೇಪರ್ ಕೇಳತೊಡಗಿದ. ಎದೆಯೆತ್ತಿ ನಿಂತವರು ರಾಯರೊಬ್ಬರೇ.

ನಾನು ಮೆಲ್ಲಗೆ ಸ್ಕೂಟರ್ ಆಫ್ ಮಾಡಿ, ಮನೆತನಕ ತಳ್ಳಿಕೊಂಡು ನಡೆದೆ. ನನ್ನ ಇನ್ಶೂರೆನ್ಸ್ ಮುಗಿದು ತಿಂಗಳಾಗಿದೆ. ಪುಣ್ಯಕ್ಕೆ, ನಡೆಯುವವರನ್ನು ಇನ್ನೂ ಯಾರೂ ಕೇಳುತ್ತಿಲ್ಲ!