ಬಲೆ ಹಾಕದ ಚಪ್ಪರ

ಹಿತ್ತಲಿಗೆ ಹಕ್ಕಿ ಬರುವಂತೆ ಮಾಡುವುದು ಹೇಗೆ ಎಂದು ಈಗೀಗ ಕೆಲವರು ನನ್ನನ್ನು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ನಾನು ಇಪ್ಪತ್ತು ವರ್ಷ ಹಕ್ಕಿ ಓಡಿಸಿದವಳು. ಓಡಿಸುವುದಕ್ಕೆ ಏನೇನು ಮಾಡುತ್ತಿದ್ದೆನೋ ಅದನ್ನೆಲ್ಲ ಉಲ್ಟಾ ಮಾಡಿದೆ, ಬಂದವು. ಇದನ್ನು ಕೇಳಿ ಅವರಿಗೆ ಸಮಾಧಾನವಾಗುವುದಿಲ್ಲ. ಯಾವ ಅಂಗಡಿಯಲ್ಲಿ ಯಾವ ಕಾಳು ಸಿಗುತ್ತದೆ ಎಂದು ಹೇಳಲಿ ಎಂದು ಕಾಯುತ್ತಾರೆ.

ದೇವನಹಳ್ಳಿ ಹತ್ತಿರ ನಮ್ಮದು ಮೂರು ಎಕರೆ ದ್ರಾಕ್ಷಿ ತೋಟವಿತ್ತು. ಹಣ್ಣು ಬಣ್ಣ ತಿರುಗಿತೆಂದರೆ ಮನೆಯಲ್ಲಿ ಎಲ್ಲರಿಗೂ ಹಕ್ಕಿ ಕಾಯುವ ಕೆಲಸ. ಆದಷ್ಟು ಕಡೆ ಬಲೆ ಹೊದಿಸುತ್ತಿದ್ದೆವು. ಬಲೆ ಸಾಲದ ಕಡೆ ಹಾಳಾದ ಕ್ಯಾಸೆಟ್ಟುಗಳ ಟೇಪು ಬಿಚ್ಚಿ ಕಂಬದಿಂದ ಕಂಬಕ್ಕೆ ಎಳೆದು ಕಟ್ಟುತ್ತಿದ್ದೆವು. ಗಾಳಿ ಬೀಸಿದಾಗ ಅದು ಗುಂಯ್ ಎನ್ನುತ್ತಿತ್ತು. ನನ್ನ ಯಜಮಾನರ ಕೈಯಲ್ಲಿ ಕವಣೆ, ನನ್ನ ಕೈಯಲ್ಲಿ ತಗಡಿನ ಡಬ್ಬ. ಬೆಳಿಗ್ಗೆ ಬಿಸಿಲೇರುವ ತನಕ, ಮತ್ತೆ ಸಂಜೆ ಕತ್ತಲಾಗುವ ತನಕ ಸಾಲಿನಿಂದ ಸಾಲಿಗೆ ಓಡಾಡಿ ಡಬ್ಬ ಬಡಿಯಬೇಕು. ಮದುವೆಯಾಗಿ ಬಂದ ಮೊದಲ ವರ್ಷ ರಾತ್ರಿ ಮಲಗಿದರೂ ಕಿವಿಯಲ್ಲಿ ಡಬ್ಬದ ಸದ್ದೇ ಇರುತ್ತಿತ್ತು.

ನಾನು ಹಕ್ಕಿ ಗುರುತಿಸಲು ಕಲಿತದ್ದು ಅಲ್ಲಿ. ಅದೂ ಹಕ್ಕಿಯನ್ನು ನೋಡಿ ಅಲ್ಲ, ಅದು ಬಿಟ್ಟುಹೋದ ಹಣ್ಣನ್ನು ನೋಡಿ. ಒಂದು ಗೊಂಚಲಿನಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣಿಗೆ ತೂತು ಬಿದ್ದಿದ್ದರೆ ಅದು ಪಿಕಳಾರ. ತಲೆಯ ಮೇಲೆ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಅದಕ್ಕೆ ಒಂದು ಹಣ್ಣನ್ನು ಪೂರ್ತಿ ತಿಂದು ಮುಗಿಸುವ ತಾಳ್ಮೆ ಇಲ್ಲ. ಅರ್ಧ ಗೊಂಚಲು ಖಾಲಿಯಾಗಿ ಕೆಳಗೆ ಸಿಪ್ಪೆ, ಜಗಳದ ಗುರುತು ಇದ್ದರೆ ಗೊರವಂಕ. ಗೊಂಚಲೇ ತೊಟ್ಟಿನಿಂದ ಕತ್ತರಿಸಿ ನೆಲಕ್ಕೆ ಬಿದ್ದಿದ್ದರೆ ಗಿಳಿ. ತಿನ್ನುವುದಕ್ಕಿಂತ ಹಾಳು ಮಾಡುವುದೇ ಅದಕ್ಕೆ ಹೆಚ್ಚು ಇಷ್ಟ. ಕೋಗಿಲೆ ಮಾತ್ರ ಗುರುತು ಬಿಡುವುದಿಲ್ಲ, ಹಣ್ಣನ್ನು ಇಡಿಯಾಗಿ ನುಂಗಿ ಎಲೆಯ ಮರೆಯಲ್ಲಿ ಕೂತಿರುತ್ತದೆ. ಅದರ ಕೆಂಪು ಕಣ್ಣು ಕಂಡಾಗಲೆಲ್ಲ ನಾನು ಹೆಸರು ಹಿಡಿದು ಬೈಯುತ್ತಿದ್ದೆ.

ಆಮೇಲೆ ವಿಮಾನ ನಿಲ್ದಾಣ ಬಂತು. ನಮ್ಮ ತೋಟ ನಿಲ್ದಾಣಕ್ಕೆ ಹೋಗಲಿಲ್ಲ, ಅದರ ಬೆನ್ನಿಗೆ ಬಂದ ಲೇಔಟಿಗೆ ಹೋಯಿತು. ಒಂದು ದಿನ ಯಜಮಾನರು ತಮ್ಮ ಅಣ್ಣಂದಿರ ಜೊತೆ ಪೇಟೆಗೆ ಹೋಗಿ ಬಂದರು. ಕೈಯಲ್ಲಿ ಮೈಸೂರುಪಾಕಿನ ಡಬ್ಬ. "ಸೈನ್ ಹಾಕ್ಬಿಟ್ಟು ಬಂದೆ ಕಣೇ" ಎಂದರು. ಇಪ್ಪತ್ತು ವರ್ಷ ಆ ತೋಟದಲ್ಲಿ ಡಬ್ಬ ಬಡಿದವಳನ್ನು ಒಂದು ಮಾತು ಕೇಳಿರಲಿಲ್ಲ. ಆ ಸಿಹಿಯನ್ನು ನಾನು ಬಾಯಿಗಿಡಲಿಲ್ಲ. ಇರುವೆ ಮುತ್ತಿದ ಮೇಲೆ ದನದ ಕಲಗಚ್ಚಿನ ಬಾನಿಗೆ ಸುರಿದೆ.

ಜೆಸಿಬಿ ಬರುವ ಹಿಂದಿನ ದಿನ ನಾನೊಬ್ಬಳೇ ತೋಟಕ್ಕೆ ಹೋಗಿ ನಾಲ್ಕು ಕಡ್ಡಿ ಕತ್ತರಿಸಿ ತಂದು ಹಿತ್ತಲಲ್ಲಿ ನೆಟ್ಟೆ. ಮೂರು ಒಣಗಿದವು. ಒಂದು ಚಿಗುರಿತು. ಹಳೆಯ ಕಲ್ಲುಕಂಬ ನಾಲ್ಕು ಇದ್ದವು, ಚಪ್ಪರ ಹಾಕಿದೆ. ಮೂರನೇ ವರ್ಷಕ್ಕೆ ಹಣ್ಣು ಕಟ್ಟಿತು. ಬಣ್ಣ ತಿರುಗುವ ಹೊತ್ತಿಗೆ ಯಜಮಾನರು ಅಟ್ಟದಿಂದ ಬಲೆಯ ತುಂಡೊಂದನ್ನು ಇಳಿಸಿಕೊಂಡು ಬಂದರು.

"ಬೇಡ" ಎಂದೆ.

"ಹಕ್ಕಿ ತಿನ್ಕೊಂಡೋಗ್ತವೆ ಕಣೇ."

"ತಿನ್ಲಿ. ಅವುಗಳ ತೋಟನೂ ಹೋಯ್ತಲ್ಲ."

ಅವರು ಬಲೆಯನ್ನು ಅಲ್ಲೇ ಬಿಸಾಕಿ ಹೊರಗೆ ಹೋದರು. ನಾನು ಹಕ್ಕಿಗಳ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಿಟ್ಟಿಗೆ ಮಾಡಿದೆ. ಆ ಮನೆಯಲ್ಲಿ ನಾನು ಹೇಳಿದಂತೆ ನಡೆಯುವ ಒಂದಾದರೂ ಜಾಗ ಇರಲಿ ಎಂದು ಮಾಡಿದೆ.

ಕರೆಯುವುದು ಓಡಿಸಿದಷ್ಟು ಸುಲಭವಾಗಿರಲಿಲ್ಲ. ಬೇಸಿಗೆಗೆ ನೀರಿಡಬೇಕೆಂದು ತೋಟದಲ್ಲಿ ಔಷಧಿ ಕಲಸುತ್ತಿದ್ದ ನೀಲಿ ಡ್ರಮ್ಮನ್ನು ಅರ್ಧಕ್ಕೆ ಕೊಯ್ಯಿಸಿ, ಮೂರು ಸಲ ಸೋಪು ಹಾಕಿ ಉಜ್ಜಿ, ನೀರು ತುಂಬಿಸಿಟ್ಟೆ. ದ್ರಾಕ್ಷಿ ಬೆಳೆದವರ ಮನೆಯಲ್ಲಿ ಪಾತ್ರೆ ಎಂದರೆ ಅದೇ. ವಾರದ ಮೇಲೆ ಅದರ ಪಕ್ಕದಲ್ಲಿ ಒಂದು ಪಿಕಳಾರದ ಮರಿ ಸತ್ತು ಬಿದ್ದಿತ್ತು. ನೀರಿನಿಂದಲೇ ಸತ್ತಿತೋ ಬೇರೆ ಯಾವುದರಿಂದಲೋ ಗೊತ್ತಿಲ್ಲ. ನನಗೆ ಮಾತ್ರ ನಾನೇ ಕೊಂದೆ ಅನ್ನಿಸಿತು. ಡ್ರಮ್ಮನ್ನು ಎತ್ತಿ ಹೊರಗೆ ಹಾಕಿ, ರೊಟ್ಟಿ ಸುಡುವ ಹಳೆಯ ಮಣ್ಣಿನ ಹಂಚಿನಲ್ಲಿ ಎರಡು ಬೆರಳು ನೀರು ಹಾಕಿ, ನಡುವೆ ಒಂದು ಕಲ್ಲಿಟ್ಟೆ. ಮಾರನೆಯ ದಿನವೇ ಮಡಿವಾಳ ಹಕ್ಕಿ ಬಂದು ಕಲ್ಲಿನ ಮೇಲೆ ಕೂತು, ಕಪ್ಪುಬಿಳುಪಿನ ಬಾಲ ಎತ್ತಿ ಸುತ್ತ ನೋಡಿ, ಸ್ನಾನ ಮಾಡಿ ಹೋಯಿತು.

ನುಗ್ಗೆ ಮರದ ಪಕ್ಕದಲ್ಲಿ ಗಸಗಸೆ ಹಣ್ಣಿನ ಮರ ತಾನಾಗಿ ಹುಟ್ಟಿತು, ಕೀಳಲಿಲ್ಲ. ಉದುರಿದ ಎಲೆ ಗುಡಿಸುವುದನ್ನು ಬಿಟ್ಟೆ. ಎಲೆಯಡಿಯ ಹುಳ ಕೆದಕಲು ಹರಟೆಮಲ್ಲಗಳು ಗುಂಪು ಕಟ್ಟಿಕೊಂಡು ಬಂದವು. ಮದುವೆ ಮನೆಯ ಹಾಗೆ ಗಲಾಟೆ. ಒಣಗಿದ ನುಗ್ಗೆ ಕೊಂಬೆಯನ್ನು ಕಡಿಯದೆ ಬಿಟ್ಟದ್ದಕ್ಕೆ ಕುಟ್ರ ಹಕ್ಕಿ ಅದರಲ್ಲಿ ತೂತು ಕೊರೆಯಿತು. "ಹಿತ್ತಲು ಪಾಳು ಬಿದ್ದೈತೆ" ಎಂದು ನೆಂಟರು ಹೇಳಿದರು. ಬಿದ್ದಿರಲಿ ಎಂದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ನನ್ನ ತವರು ಹೊಸಕೋಟೆ ಕಡೆ, ಜಡಿಗೇನಹಳ್ಳಿ ಹತ್ತಿರ. ಅಲ್ಲಿ ಕಣದಲ್ಲಿ ರಾಗಿ ತೂರಿ ಮುಗಿದ ಮೇಲೆ ಒಂದು ಮೊರ ರಾಗಿಯನ್ನು ಹಕ್ಕಿಗೆಂದು ಮೂಲೆಯಲ್ಲಿ ಸುರಿದು ಬರುತ್ತಿದ್ದೆವು. ಗುಬ್ಬಚ್ಚಿಗಳು ಮುಗಿಬೀಳುತ್ತಿದ್ದವು. ಆ ನೆನಪಿಗೆ ನಾನು ದಿನಾ ಬೆಳಿಗ್ಗೆ ತಾರಸಿಯ ಮೇಲೆ ಒಂದು ಮೊರ ರಾಗಿ ಸುರಿದೆ. ವರ್ಷಕ್ಕೊಮ್ಮೆ ಮಾಡುವುದನ್ನು ದಿನಾ ಮಾಡಿದರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ. ಗುಬ್ಬಚ್ಚಿ ಒಂದೂ ಬರಲಿಲ್ಲ. ಪಾರಿವಾಳ ಬಂದವು. ಮೊದಲು ಎರಡು, ಆಮೇಲೆ ಇಪ್ಪತ್ತು, ಆಮೇಲೆ ಎಣಿಸುವುದನ್ನು ಬಿಟ್ಟೆ. ನಮ್ಮ ತಾರಸಿಯಲ್ಲಿ ಹೊಟ್ಟೆ ತುಂಬಿಸಿಕೊಂಡು ಲೇಔಟಿನವರ ಬಾಲ್ಕನಿಗಳಲ್ಲಿ ಗೂಡು ಕಟ್ಟಿ, ಅವರ ಒಗೆದ ಬಟ್ಟೆ, ಕಾರುಗಳ ಮೇಲೆಲ್ಲ ಹೇತವು. ಲೇಔಟಿನವರು ದೂರು ಕೊಟ್ಟರು. ಕೊಟ್ಟದ್ದು ಸರಿಯೇ. ಆದರೆ ಪಾರಿವಾಳ ಎಂದು ಬರೆದರೆ ಯಾರೂ ಕೇಳುವುದಿಲ್ಲವೆಂದು ಯಾರೋ ಬುದ್ಧಿವಂತರು ಅದರಲ್ಲಿ ವಿಮಾನ ಸೇರಿಸಿದರು.

ಪಂಚಾಯಿತಿಯ ಬಿಲ್ ಕಲೆಕ್ಟರ್ ಕಾಗದ ಹಿಡಿದುಕೊಂಡು ಬಂದ. ಪಕ್ಕದ ಊರಿನವನೇ, ನಲವತ್ತು ದಾಟಿದವನು.

"ಅಮ್ಮಾ, ನಿಮ್ಮನೆ ಹಕ್ಕಿ ಮೇಲೆ ಕಂಪ್ಲೇಂಟ್ ಬಂದೈತೆ. ಪ್ಲೇನಿಗೆ ಬಡಿತವಂತೆ. ದ್ರಾಕ್ಷಿ ಚಪ್ಪರ, ಗಸಗಸೆ ಮರ ಎರಡೂ ತೆಗೀಬೇಕಂತೆ."

"ಯಾವ ಹಕ್ಕಿ ಬಡಿಯತ್ತಂತೆ?"

"ಹಕ್ಕಿ ಅಂದ್ರೆ ಹಕ್ಕಿ ಕಣಮ್ಮಾ."

ನನಗೆ ಮೈಯೆಲ್ಲ ಉರಿಯಿತು. ಅವನನ್ನು ಚಪ್ಪರದ ಕೆಳಗೆ ಕೂರಿಸಿ, ಕಾಫಿ ಕೊಟ್ಟು, ಅಲ್ಲಾಡಬೇಡ ಎಂದೆ. ಸ್ವಲ್ಪ ಹೊತ್ತಿಗೆ ದಾಸವಾಳಕ್ಕೆ ಸೂರಕ್ಕಿ ಬಂತು.

"ನೋಡು, ನಿನ್ನ ಹೆಬ್ಬೆಟ್ಟಷ್ಟೈತೆ. ದಾಸವಾಳದಿಂದ ನುಗ್ಗೆ ಮರಕ್ಕೆ ಹೋಗತ್ತೆ, ನುಗ್ಗೆ ಮರದಿಂದ ದಾಸವಾಳಕ್ಕೆ ಬರತ್ತೆ. ಇದು ಯಾವ ಪ್ಲೇನಿಗೆ ಬಡಿಯತ್ತಪ್ಪಾ?"

ಅವನು ನಕ್ಕುಬಿಟ್ಟ. "ನಾನೇನ್ ಮಾಡ್ಲಮ್ಮಾ, ಕಾಗದ ತಂದೋನು ನಾನು" ಎಂದ.

ಅಷ್ಟಕ್ಕೇ ಬಿಡಲಿಲ್ಲ. ಅವನ ಗಾಡಿಯ ಹಿಂದೆ ಕೂತು ಕೆರೆ ಅಂಗಳಕ್ಕೆ ಕರೆದುಕೊಂಡು ಹೋದೆ. ರಸ್ತೆ ಬದಿಯ ಹೋಟೆಲುಗಳ ಕೋಳಿ ಕರುಳು, ಪುಕ್ಕ ಎಲ್ಲ ಅಲ್ಲಿ ಚೀಲಚೀಲ ಬಿದ್ದಿತ್ತು. ಮೂಗು ಮುಚ್ಚಿಕೊಂಡು ಮೇಲೆ ನೋಡು ಎಂದೆ. ಹದ್ದುಗಳು ಒಂದರ ಮೇಲೊಂದು ಸುತ್ತುತ್ತಿದ್ದವು. ರೆಕ್ಕೆ ಬಡಿಯದೆ ತೇಲುತ್ತಾ, ಬಾಲ ಕವಲೊಡೆದು, ಸುತ್ತುಸುತ್ತಾಗಿ ಮೇಲೆ ಮೇಲೆ ಹೋಗುತ್ತಿದ್ದವು. ಅವುಗಳ ನಡುವೆ ಇಟ್ಟಿಗೆ ಬಣ್ಣದ ಮೈ, ಬಿಳಿ ತಲೆಯದೊಂದು ಇತ್ತು. ಅದು ಗರುಡ, ಕೈ ಮುಗಿಯುತ್ತೀವಲ್ಲ ಅದು ಎಂದು ತೋರಿಸಿದೆ. ಅದೇ ಹೊತ್ತಿಗೆ ವಿಮಾನವೊಂದು ಕೆಳಗಿಳಿಯುತ್ತಾ ಆ ಕಡೆಯಿಂದ ಬಂತು.

"ಇದು ನಮ್ ಕೈಲಾಗಲ್ಲಮ್ಮಾ. ಎಷ್ಟು ಸಲ ಹೇಳಿದ್ರೂ ಸುರೀತಾರೆ."

"ನನ್ನ ಚಪ್ಪರ ಆದ್ರೆ ಕೈಲಾಗತ್ತಾ?"

ಅವನು ಗಾಡಿ ಸ್ಟಾರ್ಟ್ ಮಾಡಿದ.

ನನ್ನ ತಪ್ಪು ನಾನು ಒಪ್ಪಿಕೊಂಡೆ. ರಾಗಿ ಹಾಕುವುದನ್ನು ಅವತ್ತೇ ನಿಲ್ಲಿಸಿದೆ. ಲೇಔಟಿನ ಕಚೇರಿಗೆ ಹೋಗಿ ಅಲ್ಲಿನ ಕಾರ್ಯದರ್ಶಿಗೆ, ಪಾರಿವಾಳ ನಾನು ತಂದದ್ದು, ಇನ್ನು ಬರುವುದಿಲ್ಲ ಎಂದು ಹೇಳಿ ಬಂದೆ. ತಿಂಗಳೊಳಗೆ ಬಹಳಷ್ಟು ಹೊರಟುಹೋದವು. ಆದರೆ ದೂರು ಒಂದು ಸಲ ಫೈಲು ಸೇರಿದ ಮೇಲೆ ಪಾರಿವಾಳ ಇದೆಯೋ ಇಲ್ಲವೋ ಎಂದು ಯಾರೂ ತಲೆಯೆತ್ತಿ ನೋಡುವುದಿಲ್ಲ. ಅಧಿಕಾರಿಗಳೇ ಬಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ ಎಂದು ಇನ್ನೊಂದು ಕಾಗದ ಬಂತು.

"ಹೋಗ್ಲಿ ಬಿಡು, ಕಡ್ದಾಕಣ" ಎಂದರು ಯಜಮಾನರು. "ತೋಟನೇ ಹೋಯ್ತು, ಒಂದು ಬಳ್ಳಿ ಏನು."

ಅವತ್ತು ನಾನು ಒಲೆ ಹಚ್ಚಲಿಲ್ಲ. ಅವರೂ ಕೇಳಲಿಲ್ಲ. ಬರೆದುಕೊಡುವುದು ಈ ಮನುಷ್ಯನಿಗೆ ಅಭ್ಯಾಸವಾಗಿಬಿಟ್ಟಿದೆ ಎಂದು ನನಗೆ ಹೇಸಿಗೆಯಾಯಿತು. ಹೇಸಿಗೆ ಎಂಬ ಮಾತು ದೊಡ್ಡದು, ಆದರೂ ಅದೇ ನಿಜ. ಬಳ್ಳಿ ಹೋಗುತ್ತದೆ ಎನ್ನುವುದಕ್ಕಿಂತ, ಮತ್ತೆ ಇವರ ಒಂದು ಸೈನಿನಿಂದ ಹೋಗುತ್ತದೆ ಎನ್ನುವುದನ್ನು ನನಗೆ ತಡೆಯಲಾಗುತ್ತಿರಲಿಲ್ಲ. ಮನೆಯ ಖಾತೆ ಇದ್ದದ್ದು ಅವರ ಹೆಸರಿನಲ್ಲೇ.

ಅಧಿಕಾರಿಗಳಿಗಾಗಿ ಕಾಯುತ್ತಿದ್ದ ಆ ದಿನಗಳಲ್ಲಿ, ಚಳಿ ಶುರುವಾದಾಗ, ಒಂದು ಬೆಳಿಗ್ಗೆ ಅವರು ಹಿತ್ತಲಿಂದ ಮೆಲ್ಲಗೆ ಕರೆದರು. "ಲೇ, ಬಾ ಇಲ್ಲಿ. ಸದ್ದು ಮಾಡ್ಬೇಡ." ಗಸಗಸೆ ಮರದಲ್ಲಿ ಅರಿಶಿನ ಬಣ್ಣದ ಹಕ್ಕಿ, ಕಣ್ಣಿಗೆ ಕಾಡಿಗೆ ಹಚ್ಚಿದಂತೆ ಕಪ್ಪು ಗೆರೆ. ಹೊನ್ನಕ್ಕಿ. ಚಳಿಗಾಲಕ್ಕೆ ಎಲ್ಲಿಂದಲೋ ಬಂದು ಹೋಗುವುದು. ತೋಟದಲ್ಲಿದ್ದಾಗ ಕವಣೆಯ ಗುರಿ ತಪ್ಪದಿದ್ದ ಮನುಷ್ಯ ಇವರು. ಕೈ ಕಟ್ಟಿಕೊಂಡು ಅರ್ಧ ಗಂಟೆ ನಿಂತಿದ್ದರು. "ತೋಟಕ್ಕೂ ಬರ್ತಿತ್ತಾ ಇದು?" ಎಂದು ಕೇಳಿದರು. ಬರುತ್ತಿತ್ತು, ನಾವು ನಿಲ್ಲಲು ಬಿಡುತ್ತಿರಲಿಲ್ಲ ಎಂದೆ. ಹಕ್ಕಿ ಹಾರಿಹೋಗುವ ತನಕ ಅವರು ಅಲ್ಲಿಂದ ಕದಲಲಿಲ್ಲ. ಅದರಿಂದ ನನ್ನ ಸಿಟ್ಟೇನೂ ಇಳಿಯಲಿಲ್ಲ.

ಪಂಚಾಯಿತಿ ಅಧಿಕಾರಿ, ಬಿಲ್ ಕಲೆಕ್ಟರ್, ಲೇಔಟಿನ ಕಾರ್ಯದರ್ಶಿ ಮೂವರೂ ಒಂದು ಮಧ್ಯಾಹ್ನ ಬಂದರು. ಜಗಲಿಯ ಮೇಲೆ ಕುರ್ಚಿ ಹಾಕಿದೆ. ಅಧಿಕಾರಿ ಹಿತ್ತಲಿಗೆ ಕಾಲಿಡಲಿಲ್ಲ. ಮುಚ್ಚಳಿಕೆಯನ್ನು ಮೊದಲೇ ಟೈಪು ಮಾಡಿಸಿಕೊಂಡು ಬಂದಿದ್ದರು: ಹಕ್ಕಿಗಳನ್ನು ಆಕರ್ಷಿಸುವ ಗಿಡಮರಗಳನ್ನು ತೆರವುಗೊಳಿಸುತ್ತೇನೆ, ಇನ್ನು ಮುಂದೆ ಬೆಳೆಸುವುದಿಲ್ಲ. ನಾನು ಹದ್ದಿನ ವಿಷಯ ತೆಗೆದೆ. "ಅದು ಬೇರೆ ಫೈಲು ಬಿಡಮ್ಮಾ" ಎಂದು, ನನ್ನ ಮುಖ ನೋಡದೆ, ಯಜಮಾನರ ಕಡೆಗೆ ಕಾಗದ ಚಾಚಿದರು. "ಖಾತೆದಾರರು ನೀವಲ್ವಾ? ಇಲ್ಲೊಂದು ಸೈನ್ ಹಾಕ್ಬಿಡಿ."

ಯಜಮಾನರು ಪೆನ್ನು ತೆಗೆದುಕೊಂಡರು. ಮುಗಿಯಿತು ಅಂದುಕೊಂಡೆ. ಅವರು ಕಾಗದವನ್ನು ಮೇಲಿಂದ ಕೆಳಗಿನವರೆಗೆ ಓದಿದರು. ನಿಧಾನಕ್ಕೆ, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಕಾಗದದ ಮೇಲಿಟ್ಟರು.

"ಮೂರು ಎಕರೆ ಬರ್ಕೊಟ್ಟಾಗ ಇವಳ್ನ ಒಂದು ಮಾತು ಕೇಳ್ಲಿಲ್ಲ ಸ್ವಾಮಿ. ತಪ್ಪು ಮಾಡ್ಬಿಟ್ಟೆ. ಹಿತ್ತಲು ಇವಳದು. ಇವಳ್ನೇ ಕೇಳಿ."

ಅಷ್ಟು ವರ್ಷದಲ್ಲಿ ತಪ್ಪು ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಅದೂ ಮೂರು ಜನರ ಎದುರಿಗೆ. ಬಿಲ್ ಕಲೆಕ್ಟರ್ ತಲೆ ತಗ್ಗಿಸಿ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಅಧಿಕಾರಿ ಕುರ್ಚಿಯಲ್ಲಿ ತಿರುಗಿ ಕೂತು, ಬಂದಾಗಿನಿಂದ ಮೊದಲ ಸಲ ನನ್ನ ಮುಖ ನೋಡಿದರು.

"ಏನಮ್ಮಾ, ಏನ್ ಹೇಳ್ತೀರಿ?"

ವಾರಗಟ್ಟಲೆ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡ ಮಾತುಗಳಿದ್ದವು, ದೊಡ್ಡ ದೊಡ್ಡವು. ಒಂದೂ ನೆನಪಿಗೆ ಬರಲಿಲ್ಲ.

"ಆಗಲ್ಲ" ಎಂದೆ. "ಕೇಳಿದೆ, ಆಗಲ್ಲ ಅಂದ್ಲು ಅಂತ ಬರ್ಕೊಳ್ಳಿ. ಅದಕ್ಕೆ ಬೇಕಾದ್ರೆ ಸೈನ್ ಹಾಕ್ತೀನಿ."