ಸತೀಶ ನೋಡದೆ ಬಿಟ್ಟ ಎಲೆ

ಅಂಕೋಲೆ ಪಕ್ಕದ ಕೇಣಿಯ ಸತೀಶನ ಎದುರಿಗೆ ಯಾವುದನ್ನೂ ಮುಚ್ಚಿಡಬಾರದು. ಮುಚ್ಚಿಟ್ಟಿರೋ ಮುಗಿಯಿತು, ಒಳಗೇನಿದೆ ಎಂದು ನೋಡುವವರೆಗೆ ಅವನಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ಕೈ ಸುಟ್ಟುಕೊಂಡದ್ದು ಎಷ್ಟು ಸಲವೋ. ಕೈಗಾದ ಅಣುವಿದ್ಯುತ್ ಸ್ಥಾವರಕ್ಕೆ ಹೋಗುವ ಕಂಪನಿ ಬಸ್ಸು ದಾರಿಯಲ್ಲಿ ನಿಂತರೆ ಉಳಿದವರು ಕಣ್ಣು ಮುಚ್ಚಿ ಇನ್ನೊಂದು ನಿದ್ದೆ ತೆಗೆಯುತ್ತಾರೆ. ಇವನು ಮಾತ್ರ ಬಾಗಿಲಿಗೆ ಓಡಿ, ಕತ್ತು ಚಾಚಿ, ಮರ ಬಿದ್ದಿದೆಯೋ ಲಾರಿ ಕೆಟ್ಟಿದೆಯೋ ತಿಳಿದುಕೊಂಡೇ ವಾಪಸು ಬರಬೇಕು. ಅಲ್ಲಿ ಅವನದು ಪಂಪು ದುರಸ್ತಿಯ ಕೆಲಸ. ಬಿಚ್ಚಿ ನೋಡದೆ ಯಾವ ಪಂಪನ್ನೂ ಸರಿಯಿದೆ ಎನ್ನುವವನಲ್ಲ, ಹಾಗಾಗಿ ಮೇಲಿನವರಿಗೆ ಅವನೆಂದರೆ ಇಷ್ಟ. ಆದರೆ ಪೋಕರ್ ಎಂಬ ಇಸ್ಪೀಟಾಟಕ್ಕೆ ಕೂತರೆ ಅದೇ ಗುಣ ಅವನ ಕುತ್ತಿಗೆಗೆ ಬರುತ್ತಿತ್ತು.

ಪೋಕರ್ ಕಲಿಸಿದವನು ಶ್ರೀಕಾಂತ ಹೆಗಡೆ, ಅವನದೇ ವಿಭಾಗದ ಎಂಜಿನಿಯರು, ಶಿರಸಿ ಕಡೆಯವ. ಆಟ ಅಂಥಾ ಕಷ್ಟದ್ದೇನಲ್ಲ. ಪ್ರತಿಯೊಬ್ಬನ ಕೈಯಲ್ಲಿ ಎರಡು ಮುಚ್ಚಿದ ಎಲೆ, ಮೇಜಿನ ಮಧ್ಯೆ ಎಲ್ಲರಿಗೂ ಕಾಣುವ ಐದು ಎಲೆ. ಎದುರಿನವನು ಪಣವಾಗಿ ತನ್ನ ಬಿಲ್ಲೆಗಳನ್ನು ಮುಂದೆ ತಳ್ಳಿದರೆ ನೀವೂ ಅಷ್ಟೇ ತಳ್ಳಬೇಕು, ಆಗ ಅವನ ಎಲೆ ನೋಡಲು ಸಿಗುತ್ತದೆ. ಬೇಡವೆಂದರೆ ನಿಮ್ಮ ಎಲೆ ಕೆಳಗಿಟ್ಟು ಸುಮ್ಮನಾಗಬೇಕು. ಅವನ ಹತ್ತಿರ ನಿಜವಾಗಿ ಏನಾದರೂ ಇತ್ತೋ ಬರೀ ಬಡಾಯಿಯೋ, ಅದು ಯಾವತ್ತಿಗೂ ಗೊತ್ತಾಗುವುದಿಲ್ಲ. ಈ ನಿಯಮ ಸತೀಶನಿಗೆ ಕೇಳಿದ ದಿನವೇ ಶುದ್ಧ ಅನ್ಯಾಯ ಅನಿಸಿತ್ತು. ಸೋಲು ಖಂಡಿತ ಎಂದು ಗೊತ್ತಿದ್ದರೂ ಬಿಲ್ಲೆ ತಳ್ಳಿ ನೋಡುತ್ತಿದ್ದ. ನೋಡಿ, ಸೋತು, “ನಾ ಅಂದ್ಕಂಡಾಂಗೇ ಇತ್ತು ಕಾಣು” ಎಂದು ಖುಷಿಪಡುತ್ತಿದ್ದ. ಇಂಥ ಪುಣ್ಯಾತ್ಮ ಟೂರ್ನಿಯಲ್ಲಿ ಉಳಿಯುವುದುಂಟೇ? ಅಲ್ಲಿ ಬಿಲ್ಲೆ ಮುಗಿದವನು ಎದ್ದು ಹೋಗಬೇಕು, ಮತ್ತೆ ಕೊಡುವವರಿಲ್ಲ.

ಶ್ರೀಕಾಂತನ ರೀತಿಯೇ ಬೇರೆ. ಪೂಜೆಗೆ ಕೂತವರ ಹಾಗೆ ಅಲುಗಾಡದೆ ಕೂತು, ತೀರಾ ಒಳ್ಳೆಯ ಎಲೆ ಬಂದರೆ ಮಾತ್ರ ಕೈ ಹಾಕುವವ. ಗೆದ್ದ ಮೇಲೂ ತನ್ನ ಎಲೆ ತೋರಿಸುವವನಲ್ಲ.

“ಮಾರಾಯಾ, ನೀನು ಗೆಲ್ಲಲಿಕ್ಕೆ ಆಡೂದಲ್ಲ, ನೋಡಲಿಕ್ಕೆ ಆಡೂದು,” ಎಂದು ಅವನು ಒಮ್ಮೆ ಸತೀಶನಿಗೆ ಹೇಳಿದ್ದ. ಎಲ್ಲರೂ ನಕ್ಕರು. ಸತೀಶನೂ ನಕ್ಕ, ಆದರೆ ಆ ಮಾತು ಅವನಿಗೆ ಎಲ್ಲೋ ಚುಚ್ಚಿತು.

ಚುಚ್ಚದೇ ಇರುತ್ತದೆಯೇ? ಈ ಗೀಳು ಇಸ್ಪೀಟಿನಿಂದ ಬಂದದ್ದಲ್ಲ. ಸತೀಶ ಹತ್ತನೇ ಇಯತ್ತೆಯಲ್ಲಿದ್ದಾಗ ಅವನ ಅಪ್ಪ ಕುಪ್ಪ ಒಂದು ಬೆಳಿಗ್ಗೆ ಒಬ್ಬನೇ ದೋಣಿ ತೆಗೆದುಕೊಂಡು ಬಲೆ ಬಿಡಲು ಹೋದ. ಮಧ್ಯಾಹ್ನ ಗಾಳಿ ಎದ್ದಿತು. ಮರುದಿನ ದೋಣಿ ಬೇಲೇಕೇರಿ ಕಡೆ ಮಗುಚಿಕೊಂಡು ಸಿಕ್ಕಿತು. ಕುಪ್ಪ ಸಿಗಲಿಲ್ಲ. ಸತ್ತ ಎನ್ನಲು ಹೆಣವಿಲ್ಲ, ಇದ್ದಾನೆ ಎನ್ನಲು ಸುದ್ದಿಯಿಲ್ಲ. ಯಾರೋ ಮಲ್ಪೆಯ ಬಂದರಿನಲ್ಲಿ ಅವನ ಹಾಗೇ ಇರುವವನನ್ನು ಕಂಡೆವೆಂದರು. ಹುಡುಗ ಬಸ್ಸು ಹತ್ತಿ ಮಲ್ಪೆಗೆ ಹೋಗಿ ಇನ್ಯಾರದೋ ಅಪ್ಪನನ್ನು ನೋಡಿಕೊಂಡು ಬಂದ.

ಅವನ ಅವ್ವ ಗಂಗೂ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಗಂಡನ ವಿಷಯದಲ್ಲಿ ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ದಿನಗಳಲ್ಲಿ ಸತೀಶ ಬೆಳಿಗ್ಗೆ ಎದ್ದವನೇ ಅವಳ ಕೈ ನೋಡುತ್ತಿದ್ದ. ಹಸಿರು ಬಳೆ ಇದ್ದರೆ ಅಪ್ಪ ಇದ್ದಾನೆ ಎಂದು ಅವನ ಲೆಕ್ಕ. ಅವನು ದೊಡ್ಡವನಾದ, ಕೆಲಸ ಹಿಡಿದ. ಬಳೆ ಮಾತ್ರ ಅವಳ ಕೈಯಲ್ಲೇ ಉಳಿಯಿತು. ಈಗ ಆ ಬಳೆಯ ಸದ್ದು ಕೇಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಹೊಸಬರು ಯಾರಾದರೂ “ಅಪ್ಪ ಏನು ಮಾಡ್ತಾರೆ?” ಎಂದರೆ ಏನಾದರೊಂದು ಕೆಲಸದ ನೆಪ ಹೇಳಿ ಎದ್ದುಹೋಗುತ್ತಿದ್ದ.

ಹೀಗೆ ಕಾಣೆಯಾದವರಿಗೆ ಹನ್ನೆರಡು ವರ್ಷ ಕಾದು, ದರ್ಭೆಯಲ್ಲಿ ಆಳಿನ ಆಕಾರ ಮಾಡಿ ಸುಟ್ಟು, ಕರ್ಮ ಮುಗಿಸುವ ಕ್ರಮವಿದೆ. ಆ ಗಡುವು ದಾಟಿ ಬಹಳ ಕಾಲವಾಗಿತ್ತು. ಅವ್ವ ತಾನಾಗಿ ಮಾತೆತ್ತುವುದಿಲ್ಲವೆಂದು ಕಂಡು ಸತೀಶ ತಾನೇ ಭಟ್ಟರ ಹತ್ತಿರ ಹೋಗಿ ಬರುವ ಅಮಾವಾಸ್ಯೆಯನ್ನು ಗೊತ್ತುಮಾಡಿ ಬಂದ. ಆ ದಿನ ಅವ್ವ ಬಳೆ ಕರಿಮಣಿ ತೆಗೆಯಬೇಕು. ಅವಳು ಒಪ್ಪದಿದ್ದರೆ ಅಪ್ಪ ಅಲ್ಲೂ ಇಲ್ಲ ಇಲ್ಲೂ ಇಲ್ಲ ಎಂಬಂತೆಯೇ ಉಳಿಯುತ್ತಾನೆ. ಒತ್ತಾಯಕ್ಕೆ ಒಪ್ಪಿದರೆ ಹೆತ್ತವಳನ್ನು ಕೈಯಾರೆ ವಿಧವೆ ಮಾಡಿದ ಹಾಗೆ. ಸುದ್ದಿ ಹೇಳಿದಾಗ ಮೀನಿನ ಹುರುಪೆ ತೆಗೆಯುತ್ತಿದ್ದ ಗಂಗೂ ಒಮ್ಮೆ ತಲೆ ಎತ್ತಿ ನೋಡಿ, ಮುಂದಿನ ಮೀನು ಕೈಗೆತ್ತಿಕೊಂಡಳು. ವಾರವಿಡೀ ಇವನು ಅವಳ ಹಿಂದೆ ಮುಂದೆ ಸುತ್ತಿದ, ನಿದ್ದೆಗೆಟ್ಟ, ಉಣ್ಣುವಾಗ ಅರ್ಧಕ್ಕೆ ಎದ್ದ.

ಭಾನುವಾರ ಕಾರವಾರದ ಒಂದು ಸಭಾಗೃಹದಲ್ಲಿ ಟೂರ್ನಿ. ಹಣದ ಮಾತೇ ಇಲ್ಲ, ಎಲ್ಲರಿಗೂ ಸಮಸಮ ಬಿಲ್ಲೆ, ಗೆದ್ದವನಿಗೆ ಬಹುಮಾನದ ಒಂದು ಕಪ್. ಹೊರಡುವಾಗ ಸತೀಶ ಬಾಗಿಲಲ್ಲಿ ನಿಂತ.

“ಅವ್ವಾ, ಇವತ್ತು ಸಂಜಿಗಾದ್ರೂ ಹೇಳು. ನಂಗೆ ತಡಿಯೂಕಾಗೂದಿಲ್ಲ.”

“ಆಟ ಆಡ್ಕಂಡ್ ಬಾ, ತಮಾ,” ಎಂದಳು ಗಂಗೂ.

ಆ ದಿನ ಅವನ ಆಟವೋ ಆಟ! ಕಾಲು ಅಲ್ಲಾಡಿಸಿ ಅಲ್ಲಾಡಿಸಿ ಮೇಜಿನ ಮೇಲಿನ ಚಹಾ ಚೆಲ್ಲಿದ. ಎರಡು ಸಲ ಬೈಸಿಕೊಂಡ. ಆದರೆ ಅದೃಷ್ಟವೂ ಕೈ ಹಿಡಿಯಿತು. ಇವನನ್ನು ಹೆದರಿಸಲು ಸುಳ್ಳು ಸುಳ್ಳೇ ಬಿಲ್ಲೆ ತಳ್ಳಿದವರೆಲ್ಲ ಸಿಕ್ಕಿಬಿದ್ದರು. ನೋಡದೆ ಬಿಡದವನ ಮುಂದೆ ಬಡಾಯಿ ನಡೆಯುತ್ತದೆಯೇ? ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದೇ ಮೇಜು ಉಳಿದಿತ್ತು. ಅದರಲ್ಲಿ ಸತೀಶನೂ ಇದ್ದ, ಎದುರಿಗೆ ಶ್ರೀಕಾಂತನೂ ಇದ್ದ.

ಆಗ ಸತೀಶನ ಕೈಗೆ ಎರಡು ರಾಜ ಬಂದವು, ಒಂದು ಇಸ್ಪೀಟು, ಒಂದು ಕಳಾವರ್. ಮಧ್ಯೆ ಬಿದ್ದ ಐದರಲ್ಲಿ ನಾಲ್ಕು ಆಟೀನು. ಕೈಯದೂ ಮಧ್ಯದ್ದೂ ಕೂಡಿ ಒಂದೇ ಗುರುತಿನ ಐದು ಎಲೆಯಾದರೆ ಅದು ರಾಜರ ಜೋಡಿಗಿಂತ ಮೇಲು. ಶ್ರೀಕಾಂತನ ಹತ್ತಿರ ಇನ್ನೊಂದೇ ಒಂದು ಆಟೀನು ಇದ್ದರೂ ರಾಜರಿಬ್ಬರೂ ಕೆಲಸಕ್ಕೆ ಬಾರದವರು. ಶ್ರೀಕಾಂತ ತನ್ನ ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ಮುಂದೆ ತಳ್ಳಿದ.

ಸತೀಶನ ಕೈ ಆಗಲೇ ಬಿಲ್ಲೆಯ ಮೇಲಿತ್ತು. ಶ್ರೀಕಾಂತನ ಮುಖ ನೋಡಿದ, ಅಲ್ಲಿ ಏನೂ ಇರಲಿಲ್ಲ. ಈ ಮುಖವನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಅಮಾವಾಸ್ಯೆಯ ಸುದ್ದಿ ಹೇಳಿದ ದಿನ ಅವ್ವನ ಮುಖ ಹೀಗೇ ಇತ್ತು. ವಾರವಿಡೀ ತಾನು ಆ ಮುಖದ ಮುಂದೆ ಕೂತು ಮಾಡಿದ್ದೂ ಇದನ್ನೇ: ತೋರಿಸು, ತೋರಿಸು ಎಂದು ಪೀಡಿಸಿದ್ದು. ತಿರುಗಿಸಿ ನೋಡಲು ಅವ್ವ ಏನು ಇಸ್ಪೀಟಿನ ಎಲೆಯೇ? ಥೂ, ತನ್ನ ಜನ್ಮಕ್ಕೆ ಎಂದುಕೊಂಡ. ಬಿಲ್ಲೆಯ ಮೇಲಿನ ಕೈಯನ್ನು ಬಲವಂತದಿಂದ ಎತ್ತಿ ರಾಜರಿಬ್ಬರನ್ನೂ ಕೆಳಗಿಟ್ಟ.

“ಏನಿತ್ತು?” ಎಂದು ಕೇಳಿಯೂ ಬಿಟ್ಟ.

ಶ್ರೀಕಾಂತ ತನ್ನ ಎಲೆಗಳನ್ನು ಕಟ್ಟಿನೊಳಗೆ ಸೇರಿಸಿದ. ಆಮೇಲಿನ ಆಟಗಳಲ್ಲಿ ಉಳಿದ ಬಿಲ್ಲೆಗಳೂ ಕರಗಿ, ಸತೀಶ ಮೂರನೆಯವನಾಗಿ ಎದ್ದುಬಂದ.

ಅಂಕೋಲೆಯ ಬಸ್ಸಿನಲ್ಲಿ ಅವನಿಗೆ ಕೂರಲಾಗಲಿಲ್ಲ, ಕಂಬ ಹಿಡಿದು ನಿಂತ. ಆಟೀನು ಇತ್ತೇ, ಇರಲಿಲ್ಲವೇ? ಅರಗಾ ಬಂತು, ಅಮದಳ್ಳಿ ಬಂತು, ಅದೇ ಯೋಚನೆ. ಊರು ಹತ್ತಿರವಾಗುವ ಹೊತ್ತಿಗೆ ಯೋಚನೆಯೇ ದಣಿದಿತ್ತು, ಉತ್ತರ ಸಿಕ್ಕಿರಲಿಲ್ಲ.

ಗಂಗೂ ಅಂಗಳದಲ್ಲಿ ಒಣಮೀನು ಎತ್ತಿಡುತ್ತಿದ್ದಳು.

“ಮತ್ತೆ ಯಾರದೋ ಎಲೆ ನೋಡೂಕೆ ಹೋಗಿ ಸೋತ್ಯಾ?”

“ಸೋತೆ. ಆದ್ರೆ ನೋಡ್ದೇ ಬಿಟ್ಟೆ, ಅವ್ವ.”

ಅವಳ ಕೈ ನಿಂತಿತು. “ನೋಡ್ದೇ? ಅಲ್ಲಿ ಏನಿತ್ತು ಹಂಗಾರೆ?”

“ಗೊತ್ತಿಲ್ಲ. ದಾರಿ ತುಂಬಾ ಅದೇ ಯೋಚ್ನೆ. ಈಗ ಅಡ್ಡಿಲ್ಲ.” ಅವನು ಮೆಟ್ಟಿಲ ಮೇಲೆ ಕುಸಿದು ಕೂತ. “ನಾಳೆ ಭಟ್ರಿಗೆ ಬ್ಯಾಡ ಅಂತ ಹೇಳಿ ಬತ್ತೆ. ನಾ ನಿಂಗೆ ಹಂಗೆ ಕಾಡಬಾರ್ದಾಗಿತ್ತು.”

ಗಂಗೂ ಬುಟ್ಟಿ ಕೆಳಗಿಟ್ಟು ಅವನ ಪಕ್ಕ ಬಂದು ಕೂತಳು.

“ನಿನ್ನಪ್ಪ ಬರೂದಿಲ್ಲ ಅಂತ ನಂಗೆ ದೋಣಿ ಸಿಕ್ಕ ದಿವ್ಸವೇ ಗೊತ್ತಾಗಿತ್ತು, ತಮಾ.”

“ಮತ್ತೆ ಈ ಬಳೆ?”

“ನೀ ಬೆಳಿಗ್ಗೆ ಎದ್ದು ನನ್ನ ಕೈ ನೋಡ್ತಿದ್ದೆ. ಬಳೆ ಕಂಡ್ರೆ ಮಾತ್ರ ಗಂಜಿ ಉಣ್ತಿದ್ದೆ. ನಾ ಹ್ಯಾಂಗೆ ತೆಗೀಲಿ?” ಅವಳು ಕೈ ಒರೆಸಿಕೊಂಡಳು. “ಆಮೇಲೂ ಹೆದ್ರಿಕೆ ಇತ್ತು. ಆ ದರ್ಭೆ ಒಳಗೆ ಅಪ್ಪ ಇರೂದಿಲ್ಲ. ಸುಟ್ಟ ಮೇಲೂ ಏನೂ ಕಾಣೂಕೆ ಸಿಗೂದಿಲ್ಲ. ನೀ ಅದನ್ನ ಹ್ಯಾಂಗೆ ತಡ್ಕಳ್ತೆ ಅಂತ.”

ಸತೀಶನಿಗೆ ಈಗ ತಿಳಿಯಿತು. ಇಷ್ಟು ವರ್ಷ ಅವ್ವ ತನ್ನ ಸಲುವಾಗಿ ಗಂಡನನ್ನು ಬದುಕಿಸಿಟ್ಟಿದ್ದಳು.

“ಭಟ್ರಿಗೆ ಬ್ಯಾಡ ಅಂತ ಹೇಳೂಕೆ ಹೋಗ್ಬ್ಯಾಡ,” ಎಂದಳು ಗಂಗೂ. “ಈಗ ನೀ ನೋಡ್ದೇ ಬಿಡೂಕೆ ಕಲ್ತೆ. ಅಮಾಸಿ ದಿವ್ಸ ಬಳೆ ನಾನೇ ತೆಗೀತೆ. ನೀ ಮಾತ್ರ ಆಚೆ ಈಚೆ ತಿರಗ್ಬ್ಯಾಡ. ನನ್ನ ಹತ್ರ ಕುಳ್ಳು.”

“ಕುಳ್ತೆ,” ಎಂದ ಸತೀಶ.

ಅವಳು ಅಳುತ್ತಿದ್ದಾಳೆಯೇ ಎಂದು ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ. ಬಳೆಯಿದ್ದ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಕತ್ತಲಾಗುವವರೆಗೆ ಅಲ್ಲೇ ಕೂತ.